ಕಾಟಾದ ಕಂಪ್ಯೂಟರಿನ ಈಶಾನ್ಯ ಮೂಲೆ

ಕಂಪ್ಯೂಟರ್ ತೆರೆಯ ಕೆಳಗೆ ಉದ್ದಕ್ಕೆ ಮಲಗಿರುವ ಟಾಸ್ಕ್‌ಬಾರ್ ಎಂಬ ಪಟ್ಟಿಯನ್ನು ಎಳೆದು ಬೇರೆ ಅಂಚಿಗೆ ಇಡಬಹುದು ಎಂಬುದು ಬಹಳ ಜನರಿಗೆ ಗೊತ್ತಿರಲಿಲ್ಲ. ಗೊತ್ತಿದ್ದವರೂ ಇಡುತ್ತಿರಲಿಲ್ಲ. ಕಂಪನಿಯವರು ಎಲ್ಲಿಟ್ಟು ಕಳಿಸಿದರೋ ಅಲ್ಲೇ ಇರಲಿ, ನಮಗ್ಯಾಕೆ ಇಲ್ಲದ ಉಸಾಬರಿ ಎನ್ನುತ್ತಿದ್ದರು. ನಾನು ಮಾತ್ರ ಆ ಪಟ್ಟಿಗಾಗಿ ಸುಳ್ಳು ಹೇಳಿದ್ದೇನೆ, ಅದು ಯಾವ ಅಂಚಿನಲ್ಲಿದೆ ಎಂದು ಕಣ್ಣಾರೆ ನೋಡುವ ತನಕ ಊಟ ಸೇರದೆ ಒದ್ದಾಡಿದ್ದೇನೆ. ಅದು ಬಲಕ್ಕಿದ್ದರೆ ಅಪ್ಪನ ಕೆಲಸ ಉಳಿಯುತ್ತಿತ್ತು. ಬೇರೆ ಕಡೆ ಹೋದರೆ ಉಳಿಯುತ್ತಿರಲಿಲ್ಲ.

ಹಳಿಯಾಳದಿಂದ ದಾಂಡೇಲಿಗೆ ಹೋಗುವ ರಸ್ತೆಯ ಬದಿಗೆ ಒಬ್ಬ ಸಾವಕಾರರ ಕಾಟಾ ಇತ್ತು. ಲಾರಿಯನ್ನು ಮಾಲು ಸಮೇತ ಮೇಲೆ ನಿಲ್ಲಿಸಿಕೊಂಡು ತೂಗುವ ತಕ್ಕಡಿಗೆ ನಮ್ಮ ಕಡೆ ಕಾಟಾ ಎನ್ನುತ್ತಾರೆ. ಕಬ್ಬು, ಗೋವಿನಜೋಳ, ಭತ್ತ, ಬಿದಿರು, ಏನು ಬಂದರೂ ತೂಗುವವನು ಅಪ್ಪ. ತೂಕ ತೋರಿಸುವ ಪೆಟ್ಟಿಗೆಯಲ್ಲಿ ಮೂಡುವ ಕೆಂಪು ಅಂಕಿಯನ್ನು ಅವನು ಗಟ್ಟಿಯಾಗಿ ಕೂಗಬೇಕು, ಹೊರಗೆ ನಿಂತ ಡ್ರೈವರ್ ಕಿಟಕಿಯಲ್ಲಿ ಇಣುಕಿ ಅದನ್ನೇ ತಿರುಗಿ ಕೂಗಬೇಕು. ಡ್ರೈವರ್ ತಿರುಗಿ ಹೇಳದೆ ಅಪ್ಪ ಚೀಟಿ ಕೊಡುತ್ತಿರಲಿಲ್ಲ. ಅದು ಅವನೇ ಹಾಕಿದ ಪದ್ಧತಿ. ವರ್ಷಗಟ್ಟಲೆ ಹೀಗೆ ನಡೆದು, ಡ್ರೈವರುಗಳು ಅಂಕಿ ನೋಡುವುದನ್ನೇ ಬಿಟ್ಟಿದ್ದರು. ಕಾಕಾ ಹೇಳಿದ ಮೇಲೆ ಮುಗೀತು ಎಂದು, ಬೀಡಿ ಸೇದುತ್ತಲೇ ತಿರುಗಿ ಕೂಗುತ್ತಿದ್ದರು. ರೈತರೂ ಅಷ್ಟೇ. ಬೇರೆ ಕಾಟಾ ಹತ್ತಿರವಿದ್ದರೂ ದಾಟಿಕೊಂಡು ಇಲ್ಲಿಗೆ ಬರುತ್ತಿದ್ದರು.

ಆ ವರ್ಷ ಶ್ರಾವಣದಲ್ಲಿ ಒಂದು ಮುಂಜಾನೆ ಅಪ್ಪನಿಗೆ ತಲೆ ತಿರುಗಿ ನಾಲಿಗೆ ತೊದಲಿತು. ಹುಬ್ಬಳ್ಳಿಗೆ ಒಯ್ದೆವು. ಮೆದುಳಿನ ಒಂದು ಸಣ್ಣ ಜಾಗಕ್ಕೆ ರಕ್ತ ಹೋಗಿಲ್ಲ, ಕೈಕಾಲು ಉಳಿದದ್ದೇ ಪುಣ್ಯ ಎಂದರು ಡಾಕ್ಟರು. ಮಾತು ಸಂಜೆಗೆಲ್ಲ ಸರಿಹೋಯಿತು. ಮನೆಗೆ ಬಂದ ಮೇಲೆ ಅವ್ವ ಬಡಿಸಿದ ತಾಟಿನಲ್ಲಿ ರೊಟ್ಟಿ ಪಲ್ಯ ಖಾಲಿಯಾದರೂ ಎಡಕ್ಕೆ ಹಾಕಿದ ಶೇಂಗಾ ಚಟ್ನಿ ಹಾಗೇ ಉಳಿಯತೊಡಗಿತು. ಚಟ್ನಿ ಇಲ್ಲದೆ ತುತ್ತು ಎತ್ತದ ಮನುಷ್ಯ. ಅವ್ವ ಬಾಯಿರುಚಿ ಕೆಟ್ಟಿದೆ ಅಂದುಕೊಂಡಳು. ಅಪ್ಪ ಬಾಗಿಲ ಎಡಗಡೆಯ ಚೌಕಟ್ಟಿಗೆ ಹೆಗಲು ಬಡಿದುಕೊಂಡಾಗ ನನಗೆ ಅನುಮಾನ ಬಂತು. ಮತ್ತೆ ಹುಬ್ಬಳ್ಳಿಗೆ ಹೋದೆವು. ಕಣ್ಣು ಚೆನ್ನಾಗಿವೆ, ಆದರೆ ಎರಡೂ ಕಣ್ಣಿನ ನೋಟದಲ್ಲಿ ಎಡಭಾಗ ಹೋಗಿದೆ, ಇನ್ನು ಬರುವುದು ಕಷ್ಟ ಎಂದರು.

ಮರಳಿ ಬರುವಾಗ ಬಸ್ಸು ಧಾರವಾಡ ದಾಟಿತು. ಆಗ ಅಪ್ಪ ಒಂದೇ ಮಾತು ಹೇಳಿದ.

"ಕಾಟಾದವಗ ಕಣ್ಣು ಕಾಣೂದಿಲ್ಲ ಅಂತ ಒಬ್ರ ಕಿವಿಗೆ ಬಿದ್ರ ಮುಗೀತು. ಆಮ್ಯಾಲ ನಾ ಖರೇ ತೂಕ ಹೇಳಿದ್ರೂ ಯಾರೂ ನಂಬೂದಿಲ್ಲ."

ಅವನು ಹೆದರಿದ್ದು ಸಂಬಳಕ್ಕಲ್ಲ, ತನ್ನ ಮಾತಿಗೆ. ನನಗೆ ಆಗ ಅದು ಪೂರ್ತಿ ತಿಳಿಯಲಿಲ್ಲ, ಸಿಟ್ಟು ಮಾತ್ರ ಬಂತು. ಯಾರ ಮೇಲೆ ಎಂದು ಕೇಳಿದರೆ ಹೇಳಲಾರೆ.

ಕಾಟಾದಲ್ಲಿ ಅವನು ದಾರಿ ಕಂಡುಕೊಂಡ. ಅಂಕಿಯ ಪೆಟ್ಟಿಗೆಯನ್ನು ಟೇಬಲ್ಲಿನ ಬಲತುದಿಗೆ ಸರಿಸಿದ. ಓದುವ ಮೊದಲು ಅದರ ಎಡ ಅಂಚಿಗೆ ಬೆರಳು ಮುಟ್ಟಿಸಿ, ಬೆರಳು ಕಾಣುವ ತನಕ ಕತ್ತು ತಿರುಗಿಸಿ, ಅಲ್ಲಿಂದ ಓದುತ್ತಿದ್ದ. ಡ್ರೈವರುಗಳಿಗೆ ಕಣ್ಣಿಟ್ಟು ನೋಡಿ ಹೇಳಿರೆಂದು ಗದರತೊಡಗಿದ. ಕಾಕಾಗೆ ವಯಸ್ಸಾಯ್ತು, ಕಿರಿಕಿರಿ ಹೆಚ್ಚಾಯ್ತು ಎಂದು ಅವರು ನಕ್ಕರು. ಆದರೆ ಬೈಸಿಕೊಳ್ಳುವುದು ಬೇಡವೆಂದು ನೋಡತೊಡಗಿದರು. ಅಪ್ಪನಿಗೆ ಬೇಕಾದದ್ದು ಅಷ್ಟೇ.

ಹೀಗಿರುವಾಗ ದೀಪಾವಳಿಗೆ ಸಾವಕಾರರು ಕಾಟಾಕ್ಕೆ ಕಂಪ್ಯೂಟರ್ ತಂದು ಕೂರಿಸಿದರು. ಗಾಯದ ಮೇಲೆ ಬರೆ. ತುಂಬಿದ ಲಾರಿ ತೂಗಿದಾಗ ತೆರೆಯ ಮೇಲೆ ಅದರ ನಂಬರಿನಲ್ಲಿ ಒಂದು ಕಿಟಕಿ ತೆರೆಯುತ್ತಿತ್ತು. ಅದನ್ನು ಕಿರಿದು ಮಾಡಿ ಪಟ್ಟಿಯಲ್ಲಿ ಇಟ್ಟುಕೊಳ್ಳಬೇಕು, ಲಾರಿ ಮಾಲು ಇಳಿಸಿ ಖಾಲಿ ಬಂದಾಗ ಅದೇ ಕಿಟಕಿಯನ್ನು ಹುಡುಕಿ ಒತ್ತಬೇಕು. ಹುಡುಕಲಾರದಿದ್ದರೆ ಕೊನೆಯ ಚೀಟಿ ಇಲ್ಲ. ಒಂದು ತಿಂಗಳೊಳಗೆ ಕಲಿಯದಿದ್ದರೆ ದಾಂಡೇಲಿಯಿಂದ ಒಬ್ಬ ಹುಡುಗನನ್ನು ಕರೆಸುವೆ ಎಂದು ಸಾವಕಾರರು ನಗುನಗುತ್ತಲೇ ಹೇಳಿದರು.

ನಾನು ದಾಂಡೇಲಿಯ ಬಂಗೂರನಗರದ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಓಡಾಡಿ ಡಿಗ್ರಿ ಮುಗಿಸಿ, ಅಲ್ಲೇ ಕಂಪ್ಯೂಟರ್ ಕ್ಲಾಸೂ ಮಾಡಿ, ಕೆಲಸ ಸಿಗದೆ ಮನೆಯಲ್ಲಿದ್ದೆ. ಮಗಳಾದ ನಾನೇ ಅಪ್ಪನಿಗೆ ಮಾಸ್ತರಾದೆ. ಮಾಸ್ತರಿಕೆಗೆ ಬೇಕಾದ ತಾಳ್ಮೆ ನನ್ನ ಹುಟ್ಟಿನಲ್ಲೇ ಇಲ್ಲ. ಸ್ಟಾರ್ಟ್ ಎಂಬ ಗುಂಡಿ ಎಡಗಡೆಯ ಕೆಳಮೂಲೆಯಲ್ಲಿ, ಲಾರಿಗಳ ಸಾಲೂ ಅಲ್ಲಿಂದಲೇ ಶುರು. ಅಪ್ಪ ಮೌಸನ್ನು ಹಿಡಿದು ಕತ್ತಲ ಕೋಣೆಯಲ್ಲಿ ಗೋಡೆ ತಡವುವವನಂತೆ ತಡವುತ್ತಿದ್ದ. ಬಾಣದ ಗುರುತು ಎಡಕ್ಕೆ ಹೋದರೆ ಅವನ ಪಾಲಿಗೆ ಮಾಯ. ನಾನು ಕಿರುಚುತ್ತಿದ್ದೆ, ಅವನು ಸುಮ್ಮನಿರುತ್ತಿದ್ದ. ಒಂದು ದಿನ ಸಿಟ್ಟಿನಲ್ಲೇ ಆ ಪಟ್ಟಿಯನ್ನು ಹಿಡಿದೆಳೆದು ಬಲ ಅಂಚಿಗೆ ಹಚ್ಚಿದೆ. ಸ್ಟಾರ್ಟ್ ಬಲಗಡೆಯ ಮೇಲಿನ ಮೂಲೆಗೆ ಹೋಯಿತು. ಲಾರಿಗಳು ಒಂದರ ಕೆಳಗೊಂದು ನಿಂತವು. ಅಪ್ಪ ನೋಡಿದ. ಮೌಸನ್ನು ನೆಟ್ಟಗೆ ಒಯ್ದು, ನಾನು ಹೇಳಿದ ಲಾರಿಯನ್ನು ಒತ್ತಿದ. ಇನ್ನೊಂದು ಹೇಳಿದೆ, ಅದನ್ನೂ ಒತ್ತಿದ. ನನಗೆ ಅಳು ಬಂತು. ನೀರು ಕುಡಿಯುವ ನೆಪ ಮಾಡಿ ಎದ್ದೆ.

ವಾರದೊಳಗೆ ಸಾವಕಾರರ ಕಣ್ಣಿಗೆ ಬಿತ್ತು. ಪಟ್ಟಿ ಎಲ್ಲ ಕಡೆ ಕೆಳಗಿರುತ್ತದೆ, ಇಲ್ಲಿ ಯಾಕೆ ಬಲಕ್ಕೆ ಬಂತು ಎಂದು ನನ್ನನ್ನೇ ಕೇಳಿದರು. ಅಪ್ಪ ಮೌಸಿನಿಂದ ಕೈ ತೆಗೆದ. ಈ ಸಾವಕಾರರ ವಿಷಯ ಊರಿಗೆಲ್ಲ ಗೊತ್ತು. ವಾಸ್ತು ಸರಿಯಿಲ್ಲವೆಂದು ಅವರ ಅಡಿಗೆಮನೆ ಮೂರು ಸಲ ಜಾಗ ಬದಲಿಸಿತ್ತು. ಮನೆಯವರು ಬೆಳಿಗ್ಗೆ ಎದ್ದು ಒಲೆ ಎಲ್ಲಿದೆ ಎಂದು ಹುಡುಕಬೇಕಾಗಿತ್ತು ಎಂದು ಜನ ಆಡಿಕೊಳ್ಳುತ್ತಿದ್ದರು. ನನ್ನ ಬಾಯಿಗೆ ಆ ಹೊತ್ತಿಗೆ ಅದೇ ಬಂತು.

"ಸಾವಕಾರ್ರ, ನಕಾಶದಾಗ ಮ್ಯಾಲ ಉತ್ತರ ಅಲ್ರಿ? ಹಂಗಂದ್ರ ಆ ಗುಂಡಿ ಈಗ ಈಶಾನ್ಯಕ್ಕ ಐತಿ. ಮೊದಲು ನೈಋತ್ಯಕ್ಕಿತ್ತು. ನೈಋತ್ಯಕ್ಕ ಯಾರರೆ ಬಾಗಲಾ ಇಡ್ತಾರೇನ್ರಿ?"

ಅವರು ತೆರೆಯನ್ನು ಬಹಳ ಹೊತ್ತು ದಿಟ್ಟಿಸಿದರು. ನಂತರ ಕೈ ಜೋಡಿಸಿದರು. ನನಗೆ ಇವತ್ತಿಗೂ ಆ ಸುಳ್ಳಿನ ಬಗ್ಗೆ ಎಳ್ಳಷ್ಟೂ ಬೇಸರವಿಲ್ಲ. ಮಾರನೆಯ ದಿನ ಮಾನಿಟರಿನ ಬಲಮೂಲೆಗೆ ಕುಂಕುಮ ಬಿದ್ದಿತ್ತು. ಬೀಗರು ಬಿಜ್ಜರು ಬಂದರೆ ಸಾವಕಾರರು ಕರೆತಂದು ತೋರಿಸುತ್ತಿದ್ದರು. ಅರಿವೆ ಅಂಗಡಿಯವರೊಬ್ಬರು ತಮ್ಮ ಕಂಪ್ಯೂಟರಿನ ಪಟ್ಟಿಯನ್ನೂ ಈಶಾನ್ಯ ಮಾಡಿಸಿಕೊಳ್ಳಲು ನನ್ನನ್ನು ಕರೆಸಿದರು. ಹೋದೆ, ಎಳೆದು ಕೊಟ್ಟೆ, ಚಹಾ ಕುಡಿದು ಬಂದೆ. ಆದರೂ ಪ್ರತಿದಿನ ಅಪ್ಪನ ಬುತ್ತಿ ಒಯ್ದಾಗ ಪಟ್ಟಿ ಬಲಕ್ಕಿದೆಯೋ ಇಲ್ಲವೋ ಎಂದು ಹೆದರುತ್ತಲೇ ಒಳಗೆ ಕಾಲಿಡುತ್ತಿದ್ದೆ. ಮೊದಲು ತೆರೆ ನೋಡುತ್ತಿದ್ದೆ, ಆಮೇಲೆ ಅಪ್ಪನ ಮುಖ.

ಕಬ್ಬಿನ ಹಂಗಾಮು ಜೋರಾಗಿದ್ದಾಗ ಒಂದು ಮಧ್ಯಾಹ್ನ ಬುತ್ತಿ ಹಿಡಿದು ಹೋದೆ. ಸಾವಕಾರರು ಮುಂಡಗೋಡ ಕಡೆಯ ಒಬ್ಬ ವಾಸ್ತುದವರನ್ನು ಕರೆತಂದು ನಿಂತಿದ್ದರು. ಹೊಗಳಿಸಿಕೊಳ್ಳಲೆಂದೇ ತಂದದ್ದು. ಆ ಮನುಷ್ಯ ತೆರೆ ನೋಡಿ ತಲೆ ಅಲ್ಲಾಡಿಸಿದರು. ತೆರೆಗೆ ತನ್ನ ದಿಕ್ಕಿಲ್ಲ, ಕೂತವನ ದಿಕ್ಕೇ ಅದರ ದಿಕ್ಕು, ಇವರು ಯಾವ ಕಡೆ ಮುಖ ಮಾಡಿ ಕೂರುತ್ತಾರೆ ಎಂದರು. ಪೂರ್ವಕ್ಕೆ ಎಂದರು ಸಾವಕಾರರು. ಪೂರ್ವಕ್ಕೆ ಮುಖ ಮಾಡಿದವನ ಎಡಗೈ ಉತ್ತರ, ಹಾಗಾದರೆ ಈಶಾನ್ಯ ಎಡಗಡೆಯ ಮೇಲಿನ ಮೂಲೆ, ಇಷ್ಟು ದಿನ ಈ ಗುಂಡಿ ಎಂಬ ಬಾಗಿಲನ್ನು ಆಗ್ನೇಯದಲ್ಲಿ ಇಟ್ಟಿದ್ದೀರಿ, ಬೆಂಕಿಯ ಮೂಲೆ ಅದು ಎಂದು ತೀರ್ಪು ಕೊಟ್ಟು, ಕಾರು ಹತ್ತಿ ಹೋದರು. ಸುಳ್ಳಿಗೆ ಕಾಲಿಲ್ಲ ಎನ್ನುತ್ತಾರೆ. ನನ್ನದಕ್ಕೆ ಕಾಲಿದ್ದವು, ತಿರುಗಿ ಬಂದು ನಮಗೇ ಒದೆಯಿತು.

ಸಾವಕಾರರು ಪಟ್ಟಿಯನ್ನು ಈಗಲೇ ಎಡಕ್ಕೆ ಹಾಕು ಎಂದರು. ಅಪ್ಪನ ಕೈಗೆ ಬಲವೇ ರೂಢಿಯಾಗಿದೆ, ಹಂಗಾಮು ಮುಗಿಯಲಿ ಎಂದೆ. ಬೆಂಕಿಯ ಮೂಲೆ ಎಂದು ಗೊತ್ತಾದ ಮೇಲೆ ಒಂದು ಗಳಿಗೆಯೂ ಬೇಡ ಎಂದು ಅವರು ತೆಂಗಿನಕಾಯಿ ತರಲು ಹೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಹೇಳಿದ.

"ಹಾಕು."

ಹಾಕಿದೆ. ನನ್ನ ಕೈಯಿಂದಲೇ ಎಳೆದು ಎಡ ಅಂಚಿಗೆ ಹಚ್ಚಿದೆ. ಸ್ಟಾರ್ಟೂ ಲಾರಿಗಳ ಸಾಲೂ ಅಪ್ಪನ ಪಾಲಿಗೆ ಇಲ್ಲವಾದವು.

ಕಾಯಿ ಒಡೆದದ್ದೇ ತಡ, ಖಾಲಿ ಲಾರಿಯೊಂದು ಕಾಟಾದ ಮೇಲೆ ಬಂತು. ಅದರ ಕಿಟಕಿ ಹುಡುಕಬೇಕು. ಅಪ್ಪ ಇಡೀ ಮೈಯನ್ನೇ ಎಡಕ್ಕೆ ತಿರುಗಿಸಿ ಹುಡುಕಿದ. ಮೌಸು ಜಾರಿತು, ಬೇರೆ ಲಾರಿ ತೆರೆಯಿತು, ಮುಚ್ಚಿದ. ಹೊರಗೆ ಹಾರ್ನು ಶುರುವಾಯಿತು. ಸಾವಕಾರರು ಬೆನ್ನ ಹಿಂದೆಯೇ ನಿಂತಿದ್ದರು. ನನ್ನ ಕೈ ತಾನಾಗಿ ಮುಂದೆ ಹೋಯಿತು, ಅಪ್ಪ ಮೊಣಕೈಯಿಂದ ತಡೆದ. ಅಂತೂ ಸಿಕ್ಕಿತು, ಚೀಟಿ ಹೋಯಿತು.

ಹಿಂದೆಯೇ ಕಬ್ಬು ತುಂಬಿದ ಲಾರಿ ಬಂತು. ಎಡಕ್ಕೆ ಹುಡುಕಿ ಹುಡುಕಿ ದಣಿದಿದ್ದ ಅಪ್ಪ ಪೆಟ್ಟಿಗೆಯ ಕಡೆ ತಿರುಗಿದ. ಅಂಚಿಗೆ ಬೆರಳು ಮುಟ್ಟಿಸುವುದನ್ನು ಮರೆತ. ಕೂಗಿದ.

"ಆರು ಸಾವಿರದ ಇನ್ನೂರಾ ನಲವತ್ತು."

ಡ್ರೈವರ್ ಕಿಟಕಿಯಲ್ಲಿ ಮುಖವಿಟ್ಟು ಅಂಕಿಯನ್ನೂ ಅಪ್ಪನನ್ನೂ ನೋಡಿದ. ಪೆಟ್ಟಿಗೆಯಲ್ಲಿ ಹದಿನಾರು ಸಾವಿರ ಇತ್ತು.

"ಕಾಕಾ," ಎಂದ ಅವನು ಮೆಲ್ಲಗೆ, "ಮೊದಲಿನ ಅಂಕಿ ಬಿಟ್ರಿ."

ಅಪ್ಪ ಕುರ್ಚಿಯಲ್ಲೇ ಹಿಂದಕ್ಕೆ ತಿರುಗಿದ. ನಾನು ಏನೋ ಒಂದು ನೆಪ ಹುಡುಕುತ್ತಿದ್ದೆ. ಅವನಿಗೆ ನನ್ನ ನೆಪಗಳೇ ಸಾಕಾಗಿ ಹೋಗಿದ್ದವು.

"ಸಾವಕಾರ್ರ, ನನಗ ಎಡಕ್ಕ ಕಾಣೂದಿಲ್ರಿ. ಶ್ರಾವಣದಿಂದ."

ಸಾವಕಾರರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಇಷ್ಟು ದಿನದ ತೂಕಗಳ ಗತಿಯೇನು ಎಂದು ದನಿಯೇರಿಸಿದರು. ಒಂದೂ ತಪ್ಪಿಲ್ಲ, ಇವರು ಕಣ್ಣಿಟ್ಟು ನೋಡಿ ತಿರುಗಿ ಹೇಳದೆ ನಾನು ಚೀಟಿ ಹರಿದಿಲ್ಲ ಎಂದ ಅಪ್ಪ. ಡ್ರೈವರ್ ಹೌದೆಂದು ಗೋಣು ಹಾಕಿದ. ಸಾವಕಾರರು ಹೊರಗಿನ ಸಾಲು ನೋಡಿದರು. ಲಾರಿಗಳು ತಿರುವಿನ ತನಕ ನಿಂತಿದ್ದವು. ನನ್ನ ಕಡೆ ತಿರುಗಿ, "ತಂಗಿ, ನೀ ಕುಂದರು," ಎಂದರು.

ನಾನು ಅಲ್ಲಾಡಲಿಲ್ಲ. ಅಪ್ಪ ತಾನೇ ಎದ್ದ. ಟೇಬಲ್ಲಿನ ಅಂಚು ಹಿಡಿದು, ಬಾಗಿಲ ಚೌಕಟ್ಟು ತಡವಿ, ಹೊರಗೆ ಹೋಗಿ ಡ್ರೈವರಿನ ಪಕ್ಕದಲ್ಲಿ ನಿಂತ. ನಾನು ಕೂತು ಅಂಕಿ ಓದಿ ಕೂಗಿದೆ. ಹದಿನಾರು ಸಾವಿರದ ಇನ್ನೂರಾ ನಲವತ್ತು. ಡ್ರೈವರ್ ತಿರುಗಿ ಹೇಳಲಿಲ್ಲ. ಅಂಕಿ ಅವನೆದುರಿಗೇ ಇತ್ತು, ಆದರೂ ಅವನು ಅಪ್ಪನ ಮುಖ ನೋಡುತ್ತಿದ್ದ. ಅಪ್ಪ ಪೆಟ್ಟಿಗೆಯ ಕಡೆ ನೋಡಲೇ ಇಲ್ಲ. ನಾನು ಹೇಳಿದ್ದನ್ನೇ ತನ್ನ ಹಳೆಯ ಗಟ್ಟಿ ದನಿಯಲ್ಲಿ ತಿರುಗಿ ಕೂಗಿದ. ಆಮೇಲೆ ಡ್ರೈವರ್ ಕೂಗಿದ. ನಾನು ಚೀಟಿ ಹರಿದು ಕೊಟ್ಟೆ.

ಸಾಲು ಕರಗಿದ ಮೇಲೆ, ಸಾವಕಾರರೂ ಹೋದ ಮೇಲೆ, ಅಪ್ಪ ಒಳಗೆ ಬಂದು ಬುತ್ತಿ ಬಿಚ್ಚಿದ. ಪಟ್ಟಿಯನ್ನು ಮತ್ತೆ ಬಲಕ್ಕೆ ತರಲೇ ಎಂದು ಕೇಳಿದೆ.

"ಯಾರ ಸಲುವಾಗಿ?" ಎಂದ. "ಕುಂತಾಕಿ ನೀನು. ನಿನಗ ಎಲ್ಲಿ ಕಾಣತೈತಿ ಅಲ್ಲಿಟ್ಕೊ."

ನನಗೆ ತೆರೆಯ ನಾಲ್ಕೂ ಅಂಚು ಕಾಣುತ್ತಿದ್ದವು. ಬುತ್ತಿಯ ಚಟ್ನಿಯನ್ನು ಅಪ್ಪನ ಬಲಗಡೆಗೆ ಸರಿಸಿದೆ.