ಪಾವಡಿಗೆ ಬಿದ್ದ ಬೀಗ

ಹಸಿರನ್ನು ಉಳಿಸಲು ಬಂದವರು ಮೊದಲು ಮಾಡಿದ ಕೆಲಸ ಹೊಂಗೆಮರಗಳ ಕೊಂಬೆ ಕಡಿಸಿದ್ದು. ಎಲೆ ಉದುರುತ್ತದೆ, ಹುಲ್ಲುಹಾಸು ಕೊಳೆಯಾಗುತ್ತದೆ ಎಂಬುದು ಅವರು ಕೊಟ್ಟ ಕಾರಣ. ಹುಲ್ಲುಹಾಸು ಆಗಿನ್ನೂ ಬಂದಿರಲಿಲ್ಲ. ಚಾಪೆಯಂತೆ ಸುರುಳಿ ಸುತ್ತಿಸಿಕೊಂಡು ಲಾರಿಯಲ್ಲಿ ಬರುವುದಿತ್ತು. ಬರಲಿರುವ ಹುಲ್ಲಿನ ಮರ್ಯಾದೆಗಾಗಿ ಇರುವ ಮರ ತಲೆ ಕೊಡಬೇಕಾಯಿತು.

ತಮಿಳುನಾಡಿನ ಸೇಲಂನಲ್ಲಿ ನಮ್ಮದು ಕನ್ನಡ ಮಾತಾಡುವ ನೇಕಾರರ ಬೀದಿ. ಮನೆಗಳಿರುವುದು ಒಂದೇ ಸಾಲಿಗೆ. ಎದುರಿಗೆ ಬೀದಿಯಷ್ಟೇ ಉದ್ದವಾದ ಬಯಲು. ಅದರ ಉಳಿದ ಮೂರು ಕಡೆ ಬೇರೆಯವರ ಮನೆಗಳ ಹಿಂಗೋಡೆ. ಈ ಬಯಲನ್ನು ಪಾವಡಿ ಎನ್ನುತ್ತೇವೆ. ಪಾವು ಎಂದರೆ ಮಗ್ಗಕ್ಕೆ ಏರಿಸುವ ಉದ್ದೆಳೆಗಳ ಹಾಸು. ಏರಿಸುವ ಮುನ್ನ ಅದನ್ನು ಬಯಲಿನುದ್ದಕ್ಕೂ ಕೋಲುಗಳ ಮೇಲೆ ಎಳೆದು ಕಟ್ಟಿ, ಅಕ್ಕಿಗಂಜಿ ಚಿಮುಕಿಸಿ, ದೊಡ್ಡ ಕುಂಚದಿಂದ ತೀಡಿ ಒಣಗಿಸಬೇಕು. ಅದಕ್ಕೆ ಬೆಳಗಿನ ಹೊತ್ತೂ ಬೇಕು, ಮರದ ನೆರಳೂ ಬೇಕು. ಬಿಸಿಲು ಬಲಿತರೆ ಎಳೆ ಗರಿಗರಿಯಾಗಿ ತುಂಡಾಗುತ್ತದೆ. ಒಬ್ಬರಿಂದ ಆಗುವ ಕೆಲಸವಲ್ಲ. ಯಾರ ಮನೆಯ ಪಾವಾದರೂ ಬೀದಿಯವರು ಕರೆಯದೆ ಬಂದು ಕೈಹಚ್ಚುತ್ತಾರೆ, ಕಾಫಿ ಕುಡಿದು ಹೋಗುತ್ತಾರೆ. ವಿಶ್ವವಿದ್ಯಾಲಯದಲ್ಲಿ ನಾನು ಸಮುದಾಯ ಸಹಭಾಗಿತ್ವ ಎಂಬ ವಿಷಯವನ್ನು ಒಂದಿಡೀ ಸೆಮಿಸ್ಟರ್ ಓದಿದೆ. ಉದಾಹರಣೆಗಳೆಲ್ಲ ದೂರದೇಶದವು, ನಮ್ಮ ಮನೆಯ ಎದುರಿನ ಬಯಲು ಅವುಗಳಲ್ಲಿ ಇರಲಿಲ್ಲ.

ಈಗ ಬೀದಿಯ ಹೆಚ್ಚಿನ ಮನೆಗಳು ಪವರ್‌ಲೂಮಿಗೆ ಹೋಗಿವೆ. ಕೈಮಗ್ಗ ಉಳಿಸಿಕೊಂಡ ಕೆಲವರಲ್ಲಿ ನನ್ನ ಸೋದರತ್ತೆಯೂ ಒಬ್ಬರು. ನಮ್ಮ ಮನೆಯ ಮುಂಗೋಣೆಯಲ್ಲೇ ಅವರ ಮಗ್ಗ. ಪಾವಡಿ ತಪ್ಪಿದರೆ ಪಾವು ತಪ್ಪುತ್ತದೆ, ಪಾವು ತಪ್ಪಿದರೆ ಮಗ್ಗ ನಿಲ್ಲುತ್ತದೆ. ಮಗ್ಗ ನಿಂತರೆ, ಜೀವನದಲ್ಲಿ ಯಾರ ಕೈಕೆಳಗೂ ದುಡಿಯದ ಹೆಂಗಸು ಯಾರದೋ ಶೆಡ್ಡಿನಲ್ಲಿ ಪಾಳಿಗೆ ನಿಲ್ಲಬೇಕು. ಪಾವಡಿಯನ್ನು ಉದ್ಯಾನ ಮಾಡುವ ಯೋಜನೆಯಲ್ಲಿ ಪಣಕ್ಕಿದ್ದದ್ದು ಇದು. ಯೋಜನೆ ಮಾಡಿದವರಿಗೆ ಇದು ಗೊತ್ತಿರಲಿಲ್ಲ ಎನ್ನುವ ಸೌಜನ್ಯವನ್ನು ನಾನು ತೋರಿಸಲಾರೆ.

ಯಾಕೆಂದರೆ ಹಸಿರು ಉಳಿಸಲು ಬಂದ ಸ್ವಯಂಸೇವಕರ ಅಧ್ಯಕ್ಷರು ನಮ್ಮ ಬೀದಿಯಲ್ಲೇ ಹುಟ್ಟಿದವರು. ಅವರ ತಂದೆ ಇದೇ ಹೊಂಗೆಯ ನೆರಳಿನಲ್ಲಿ ಪಾವು ಹಾಕಿದವರು. ಮಗ ಬ್ಯಾಂಕಿನಲ್ಲಿ ಅಧಿಕಾರಿಯಾಗಿ, ಬಡಾವಣೆಯಲ್ಲಿ ಮನೆ ಕಟ್ಟಿ, ಬೀದಿಯನ್ನು ಬಿಡುವಾಗ ಕನ್ನಡವನ್ನೂ ಇಲ್ಲೇ ಬಿಟ್ಟುಹೋದರು. ಮೈಕಿನ ಮುಂದೆ ಅಚ್ಚ ತಮಿಳು, ಪಾಲಿಕೆಯವರ ಮುಂದೆ ಇಂಗ್ಲಿಷು. ನಿವೃತ್ತಿಯಾದ ಮೇಲೆ ಅವರಿಗೆ ಸಕ್ಕರೆ ಕಾಯಿಲೆ ಬಂತು, ವಾಕಿಂಗ್ ಬಂತು, ವಾಕಿಂಗಿನ ಹಿಂದೆಯೇ ಸಮಾಜಸೇವೆ ಬಂತು.

ಜಾಗ ನೋಡಲು ಅವರ ತಂಡ ಮೊದಲ ಸಲ ಬಂದದ್ದು ಒಂದು ಭಾನುವಾರ ಬೆಳಗ್ಗೆ. ಎಲ್ಲರಿಗೂ ಹಸಿರು ಟೀಶರ್ಟು. ಆ ಹೊತ್ತಿಗೆ ಅತ್ತೆಯ ಪಾವು ಬಯಲಿನಲ್ಲಿತ್ತು. ಬೆಳಗಿನ ಹೊತ್ತು ಪಾವಡಿಗೆ ಬಂದವರು ಪಾವಿಗೇ ಬಂದವರು ಎಂದಷ್ಟೇ ತಿಳಿದಿದ್ದ ಅತ್ತೆ, ಕಪ್ಪು ಕನ್ನಡಕದ ಒಬ್ಬ ಮಹಿಳೆಯ ಕೈಗೆ ಕುಂಚ ಕೊಟ್ಟು, ನನ್ನನ್ನು ಕಾಫಿಗೆ ಕಳಿಸಿದರು. ನಾನು ಮರಳಿ ಬರುವಷ್ಟರಲ್ಲಿ ಕುಂಚ ಕೈಯಿಂದ ಕೈಗೆ ಹೋಗುತ್ತಿತ್ತು. ಪ್ರತಿಯೊಬ್ಬರೂ ಅದನ್ನು ಹಿಡಿದು ಫೋಟೋಗೆ ನಕ್ಕು, ಮುಂದಿನವರಿಗೆ ದಾಟಿಸುತ್ತಿದ್ದರು. ಸಂಜೆಗೆ ಆ ಫೋಟೋಗಳು ಶ್ರಮದಾನ ಎಂಬ ಶೀರ್ಷಿಕೆ ಹೊತ್ತು ಫೋನುಗಳಲ್ಲಿ ತಿರುಗಾಡಿದವು. ಅತ್ತೆ ತುಂಡಾದ ಎಳೆಗಳನ್ನು ಕೂಡಿಸುತ್ತಾ ಕೂತಿದ್ದರು.

“ಕೆಲ್ಸ ಬರ್ದಿದ್ರೂ ಕೈ ಇಟ್ರಲ್ಲ, ಪಾಪ,” ಎಂದರು. “ಯಾರ ಮನೆ ಕಡೇವ್ರು ಮಗಾ ಅವ್ರು?”

ಮುಂದಿನ ತಿಂಗಳುಗಳಲ್ಲಿ ಕೊಂಬೆ ಹೋಯಿತು, ಹುಲ್ಲು ಬಂತು, ಅಂಚಿನುದ್ದಕ್ಕೂ ನಡೆಯುವ ದಾರಿ ಬಂತು. ಬಯಲಿನ ನಟ್ಟನಡುವೆ, ಪಾವು ಚಾಚುವ ಗೆರೆಯಲ್ಲೇ, ಒಂದು ಸಾಲು ಸಸಿ ನೆಟ್ಟರು. ಪ್ರತಿ ಸಸಿಗೂ ದಾನಿಯ ಹೆಸರು ಹೊತ್ತ, ಸಸಿಗಿಂತ ಎತ್ತರದ ಫಲಕ. ಬೀದಿಯ ಕಡೆಗೆ ಪಾಲಿಕೆಯ ಖರ್ಚಿನಲ್ಲಿ ಕಬ್ಬಿಣದ ಗ್ರಿಲ್ಲು, ಗೇಟು, ಗೇಟಿಗೆ ಬೀಗ. ಗ್ರಿಲ್ಲಿಗೂ ಬೀದಿಗೂ ನಡುವಿನ ತೆರೆದ ಚರಂಡಿಯನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಚರಂಡಿ ಫೋಟೋದಲ್ಲಿ ಚೆನ್ನಾಗಿ ಬರುವುದಿಲ್ಲ. ಗೇಟಿನ ಮುಂದಷ್ಟೇ ದಾಟಲು ಒಂದು ಕಲ್ಲುಚಪ್ಪಡಿ ಹಾಕಿದರು. ಬೆಳಗ್ಗೆ ವಾಕಿಂಗಿನವರಿಗೆ ಮಾತ್ರ ಪ್ರವೇಶ. ಗಂಜಿ ಚೆಲ್ಲಿದರೆ ಹುಲ್ಲಿಗೆ ಇರುವೆ ಹತ್ತುತ್ತದಂತೆ. ಆದ್ದರಿಂದ ಪಾವಡಿಯಲ್ಲಿ ಪಾವು ನಿಷೇಧ.

ಉದ್ಘಾಟನೆಯ ದಿನ ನಾನು ಎದ್ದುನಿಂತು, ಇದನ್ನು ತೀರ್ಮಾನಿಸಿದವರು ಯಾರು ಎಂದು ಕೇಳಿದೆ. “ಕಮಿಟಿ ಮುಡಿವು,” ಎಂದರು ಅಧ್ಯಕ್ಷರು, ಸಮಿತಿಯ ತೀರ್ಮಾನವಂತೆ. ಸಮಿತಿಯವರನ್ನು ಒಬ್ಬೊಬ್ಬರನ್ನಾಗಿ ಹಿಡಿದು ವಿಚಾರಿಸಿದೆ. ಯೋಗ ಶಿಕ್ಷಕಿ ತಾವು ಯೋಗಕ್ಕಷ್ಟೇ ಸೇರಿದವರೆಂದರು. ಖಜಾಂಚಿಯವರು ಆ ಸಭೆಗೆ ಹೋಗಿರಲೇ ಇಲ್ಲ. ಇನ್ನೊಬ್ಬರು ತಾವು ಸಮಿತಿಯಲ್ಲಿರುವುದನ್ನೇ ನನ್ನಿಂದ ತಿಳಿದು ಸಂತೋಷಪಟ್ಟರು. ಕೊನೆಗೆ ಅಧ್ಯಕ್ಷರು ನನ್ನ ತಮಿಳನ್ನು ಹೊಗಳಿ, ಯುವಘಟಕದ ಕಾರ್ಯದರ್ಶಿ ಸ್ಥಾನವನ್ನೂ ಒಂದು ಟೀಶರ್ಟನ್ನೂ ನೀಡಲು ಮುಂದಾದರು. ಪಾವನ್ನು ತಾರಸಿಯ ಮೇಲೆ ಹಾಕಿಕೊಳ್ಳಬಹುದಲ್ಲ ಎಂಬ ಸಲಹೆಯನ್ನೂ ಕೊಟ್ಟರು. ನಮ್ಮ ತಾರಸಿಯಲ್ಲಿ ಎರಡು ಮಂಚ ಹಿಡಿಸುತ್ತವೆ.

ಅತ್ತೆ ಸಿಕ್ಕ ಸಂದುಗಳಲ್ಲಿ, ಬೇರೆ ಬೀದಿಯವರ ಕೃಪೆಯಲ್ಲಿ ಕೆಲವು ಪಾವು ಸಾಗಿಸಿದರು. ಆಮೇಲೆ ಆ ದಾರಿಯೂ ಮುಚ್ಚಿತು. ಆಷಾಢದ, ತಮಿಳರ ಆಡಿ ತಿಂಗಳ, ಒಂದು ಬೆಳಗ್ಗೆ ಗಂಜಿ ಕಾಯಿಸಿ, ಕೋಲು ಹೊತ್ತು ಗೇಟಿಗೆ ಹೋದರು. ವಾಕಿಂಗಿನವರು ಆಗಲೇ ಒಳಗಿದ್ದರು. ಬರಿಗೈಯಲ್ಲಾದರೆ ಬಿಡುತ್ತೇನೆ, ಕೋಲಿನ ಜೊತೆ ಬಿಡುವ ಹಾಗಿಲ್ಲ ಎಂದ ಕಾವಲುಗಾರ. ಅತ್ತೆ ವಾದಿಸಲಿಲ್ಲ. ಕಾಯಿಸಿದ ಗಂಜಿ ನಾಳೆಗೆ ಹುಳಿಯುತ್ತದೆ. ಅಂದು ಮೋಡವಿದ್ದುದರಿಂದ ನೆರಳಿಲ್ಲದ ಬೀದಿಯಲ್ಲೂ ಒಂದು ಪಾವು ಹೇಗೋ ಉಳಿದೀತು. ತಿರುಗಿ ಬಂದು, ಚರಂಡಿಯ ಅಂಚಿಗೆ ತಾಗಿದಂತೆ, ಬೀದಿಯುದ್ದಕ್ಕೂ ಪಾವು ಚಾಚಿದರು. ಮನೆಮನೆಯಿಂದ ಹೆಂಗಸರು ಬಂದರು. ಬೀದಿಯ ಎರಡು ತುದಿಗೂ ಯಾರೋ ತಳ್ಳುಗಾಡಿ ಅಡ್ಡ ಇಟ್ಟರು. ನಾನು ಕುಂಚ ಹಿಡಿದೆ.

ವಾಕಿಂಗ್ ಮುಗಿಸಿದವರು ಗೇಟು ದಾಟಿ ಚಪ್ಪಡಿಯ ಮೇಲೆ ಬಂದಾಗ ಎದುರಿಗೆ, ಸೊಂಟದೆತ್ತರಕ್ಕೆ, ಹಸಿ ಪಾವು. ಎಡಬಲಕ್ಕೆ ಚರಂಡಿ. ಬಿಳಿ ಬೂಟಿನವರೊಬ್ಬರು ಕೆಳಗೆ ನುಸುಳಲು ಬಗ್ಗಿದರು. ಹಿಂದಿನಿಂದ ಒಂದು ಕೈ ಅವರ ಟೀಶರ್ಟಿನ ಕೊರಳು ಹಿಡಿದು ಎಳೆಯಿತು.

“ನುಸುಳ್ಬ್ಯಾಡಿ. ಗಂಜಿ ಇನ್ನಾ ಒಣಗಿಲ್ಲ, ತಲೆ ತಾಗಿದ್ರೆ ಎಳೆ ಎಲ್ಲಾ ಓಯ್ತದೆ.”

ಹೇಳಿದವರು ಅಧ್ಯಕ್ಷರು. ಬಿಳಿ ಬೂಟಿನವರಿಗೆ ಒಂದು ಪದವೂ ಅರ್ಥವಾಗಲಿಲ್ಲ. ಅದನ್ನೇ ತಮಿಳಿನಲ್ಲಿ ಮತ್ತೊಮ್ಮೆ ಹೇಳಬೇಕಾಯಿತು. ಆಮೇಲೆ ಅತ್ತೆಯ ಕಡೆ ತಿರುಗಿದರು.

“ಅಕ್ಕಾ, ಎಷ್ಟೊತ್ತಾಯ್ತದೆ?”

“ಮೋಡ ಐತಲ್ಲಪ್ಪಾ. ಒಣಗ್ದಾಗ ಒಣಗ್ತದೆ. ಬೆಂಚು ಆಕ್ಸಿದ್ದೀಯಲ್ಲ, ಕೂತ್ಕೋ ಓಗು.”

ಹೆಂಗಸರು ನಕ್ಕರು. ನಾನು ನಗಲಿಲ್ಲ. ಇಷ್ಟು ತಿಳಿದ ಮನುಷ್ಯ ಏನೂ ತಿಳಿಯದವರಂತೆ ಬೀಗ ಹಾಕಿಸಿದ್ದರು. ಪಾವಿನ ಈಚೆಯಿಂದಲೇ ಕೇಳಿದೆ, ಈ ಸಲ ಕನ್ನಡದಲ್ಲಿ: “ತೀರ್ಮಾನ ಮಾಡಿದ್ದು ಯಾರು ಮಾವಾ?”

ಅವರು ಹಿಂದಿರುಗಿ ನೋಡಿದರು. ಸಮಿತಿ ಹುಲ್ಲನ್ನು ಪರೀಕ್ಷಿಸುತ್ತಿತ್ತು.

“ನಾನೇ,” ಎಂದರು. “ಇನ್ನು ಯಾರು ಪಾವು ಆಕ್ತಾರೆ ಅನ್ಕೊಂಡೆ.”

“ಯಾರನ್ನ ಕೇಳ್ಕೊಂಡು ಅನ್ಕೊಂಡ್ರಿ?”

 ಅವರು ಜೇಬಿನಿಂದ ಬೀಗದ ಕೈಗಳನ್ನು ತೆಗೆದು, ಒಂದನ್ನು ಅಕ್ಕನೇ ಇಟ್ಟುಕೊಳ್ಳಲಿ ಎಂದು ಚಾಚಿದರು. ದೊಡ್ಡ ಔದಾರ್ಯದ ಕ್ಷಣವೆಂಬಂತೆ ಒಬ್ಬರು ಆಗಲೇ ಫೋನು ಎತ್ತಿದ್ದರು.

ಅತ್ತೆ ಗಂಜಿಯ ಕೈ ಸೆರಗಿಗೆ ಒರೆಸಿಕೊಂಡರೇ ಹೊರತು ಚಾಚಲಿಲ್ಲ. “ನಂಗ್ಯಾಕಪ್ಪಾ ಅದು? ನಾಳೆ ಪಕ್ಕದ ಮನೇವ್ಳು ಪಾವು ಆಕ್ಬೇಕಂದ್ರೆ ನನ್ನ ಬಾಗ್ಲಿಗೆ ಬಂದು ನಿಂತ್ಕೋಬೇಕಾ? ಬೀಗಾನೇ ತಕ್ಕೊಂಡೋಗು. ನಡುವ್ಗಿರೋ ಗಿಡ ಎಲ್ಲಾ ಅಂಚಿಗೆ ನೆಡು. ನೆರಳಾದ್ರೂ ಬೀಳ್ತದೆ.”

ಗಿಡಗಳ ಬಗ್ಗೆ ಸಮಿತಿ ಸೇರಿ ಯೋಚಿಸಬೇಕೆಂದರು ಅಧ್ಯಕ್ಷರು. ಯಾವ ಭಾನುವಾರ ಎಂದು ನಾನು ಕೇಳಿದೆ. ಬರುವ ಭಾನುವಾರ ಎಂದು ಎಲ್ಲರೆದುರು ಅವರಿಂದ ಹೇಳಿಸಿದ ಮೇಲೆಯೇ ಬಿಟ್ಟೆ.

ಪಾವು ಒಣಗಿ, ಸುತ್ತಿ, ಮನೆಯೊಳಗೆ ಹೋಗುವಷ್ಟರಲ್ಲಿ ವಾಕಿಂಗಿನವರ ತಿಂಡಿಯ ಹೊತ್ತು ಮೀರಿತ್ತು. ಒಬ್ಬೊಬ್ಬರಾಗಿ ಚಪ್ಪಡಿ ದಾಟಿ ಹೋದರು. ಅಧ್ಯಕ್ಷರು ಕೊನೆಯವರು. ಗೇಟಿನಿಂದ ಬೀಗ ಕಳಚಿ ಟ್ರ್ಯಾಕ್‌ಪ್ಯಾಂಟಿನ ಜೇಬಿಗೆ ಹಾಕಿಕೊಂಡರು. ಪಾಲಿಕೆಯ ಗೇಟಿಗೆ ತಕ್ಕಂಥ ಭಾರೀ ಬೀಗ; ಪ್ಯಾಂಟು ಒಂದು ಪಕ್ಕಕ್ಕೆ ಜಗ್ಗಿತು. ಒಂದು ಕೈಯಲ್ಲಿ ಸೊಂಟ ಹಿಡಿದುಕೊಂಡೇ ಅವರು ಬೀದಿಯ ಉದ್ದಕ್ಕೂ, ಪ್ರತಿ ಮನೆಯ ಬಾಗಿಲಿನ ಮುಂದೆಯೂ ಹಾದು ಹೋದರು.