ಅಕ್ಕ ಅರ್ಧಕ್ಕೆ ನಿಲ್ಲಿಸಿದ ಕಾದಂಬರಿ

ಜೂನ್ ಬಂತೆಂದರೆ ನಾನು ವರದಿ ಒಪ್ಪಿಸುವ ಕಾಲ. ಅರ್ಧ ವರ್ಷ ಕಳೆಯಿತು, ಏನೇನು ಓದಿದೆ, ಯಾವುದು ಹಿಡಿಸಿತು, ಯಾವುದು ಕೈ ಕೊಟ್ಟಿತು ಎಂಬುದನ್ನು ಅಕ್ಕನ ಎದುರು ಕೂತು ಹೇಳಬೇಕು. ಈಗಿನವರು ಇಂಥದ್ದನ್ನೆಲ್ಲ ಮೊಬೈಲಿನಲ್ಲಿ ಫೋಟೋ ಸಮೇತ ಹಾಕುತ್ತಾರೆ. ನಾನು ಹೊನ್ನಾಳಿಯಲ್ಲಿ ಬಸ್ ಹತ್ತಿ, ದಾವಣಗೆರೆಯಲ್ಲಿ ಇಳಿದು, ಇನ್ನೊಂದು ಬಸ್ ಹಿಡಿದು ಜಗಳೂರಿಗೆ ಹೋಗಿ ಹೇಳಿ ಬರುತ್ತಿದ್ದೆ.

ಈ ವರ್ಷದ್ದನ್ನು ಮೊದಲು ಮುಗಿಸಿಬಿಡುತ್ತೇನೆ. ಜನವರಿಯಲ್ಲಿ ಒಂದು ದಪ್ಪನೆಯ ಐತಿಹಾಸಿಕ ಕಾದಂಬರಿ ಓದಿದೆ. ಬೆಟ್ಟ ಅಗೆದು ಇಲಿ ಹಿಡಿದಿದ್ದಾರೆ. ರಾಜ ಹಾಸಿಗೆ ಹಿಡಿದಾಗ ನನಗೆ ಅಳು ಬರಲಿಲ್ಲ, ಇನ್ನೆಷ್ಟು ಪುಟ ಉಳಿದಿದೆ ಎಂದು ತಿರುವಿ ನೋಡಿದೆ. ಆಮೇಲೆ ಬಹುಮಾನ ಬಂದ ಒಂದು ಕಥಾಸಂಕಲನ. ಹೆಸರು ಕ್ಷೀರಸಾಗರ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ. ಪ್ರತಿ ಕಥೆಯ ಕೊನೆಯಲ್ಲೂ ಯಾರೋ ಒಬ್ಬರು ಎದ್ದು ಹೋಗಿ ಕಿಟಕಿಯಾಚೆ ನೋಡುತ್ತಾ ನಿಲ್ಲುತ್ತಾರೆ, ಕಥೆ ಮುಗಿಯುತ್ತದೆ. ಅಷ್ಟೊಂದು ಕಿಟಕಿ ಇರುವ ಊರು ಯಾವುದೋ ನನಗೆ ಗೊತ್ತಿಲ್ಲ. ಹಿಡಿಸಿದ್ದು ಒಂದು ತೆಳ್ಳನೆಯ ಪುಸ್ತಕ. ಹಳ್ಳಿಗಳಲ್ಲಿ ಹೆರಿಗೆ ಮಾಡಿಸುತ್ತಾ ಬದುಕು ಕಳೆದ ನರ್ಸೊಬ್ಬರ ನೆನಪುಗಳು. ಹೊನ್ನಾಳಿಯಿಂದ ನ್ಯಾಮತಿಯ ಕಾಲೇಜಿಗೆ ಹೋಗುವ ಬಸ್ಸಿನಲ್ಲಿ ಓದುತ್ತಾ ಇಳಿಯುವ ಸ್ಟಾಪು ದಾಟಿ ಹೋಗಿ, ಬಿಸಿಲಲ್ಲಿ ವಾಪಸು ನಡೆದು, ಕ್ಲಾಸಿಗೆ ತಡವಾಗಿ ಹೋದೆ. ಕನ್ನಡ ಮೇಡಂ ತಡವಾಗಿ ಬಂದದ್ದಕ್ಕೆ ಮಕ್ಕಳಿಗೆ ಹಬ್ಬ.

ಇಷ್ಟೇ. ಬೇರೆ ವರ್ಷವಾಗಿದ್ದರೆ ಇದನ್ನೇ ಎರಡು ದಿನ ಎಳೆದಾಡಿ, ಜಗಳವಾಡಿ ಹೇಳುತ್ತಿದ್ದೆ. ಈ ವರ್ಷ ಯಾವ ಪುಸ್ತಕದ ಬಗ್ಗೆ ಮಾತಾಡುವುದಕ್ಕೂ ಮನಸ್ಸಿಲ್ಲ. "ಸಾಕು ಬಿಡೇ, ನಿನಗೆ ಎಲ್ಲದರಾಗೂ ಕಲ್ಲು ಹುಡುಕೋದೇ ಕೆಲ್ಸ" ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದವಳಿಗೆ ಈಗ ಮಾತಿಲ್ಲ. ಹೋದ ಜೂನಿನಲ್ಲಿ ಅಕ್ಕನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದವು. ಮಾತು ಹೋಯಿತು. ಅಕ್ಷರವೂ ಹೋಯಿತು. ಪುಸ್ತಕ ಕೊಟ್ಟರೆ ತಿರುಗಿಸಿ, ಮತ್ತೆ ತಿರುಗಿಸಿ ನೋಡಿ, ಮಡಿಲಲ್ಲಿ ಇಟ್ಟುಕೊಳ್ಳುತ್ತಾಳೆ.

ನನಗೆ ಓದು ಹತ್ತಿಸಿದವಳು ಅವಳು. ಚನ್ನಗಿರಿಯಲ್ಲಿ ನಾವು ಚಿಕ್ಕವರಿದ್ದಾಗ ಗ್ರಂಥಾಲಯದ ಕಾರ್ಡು ಇದ್ದದ್ದು ಅಪ್ಪನ ಹೆಸರಿನಲ್ಲಿ ಒಂದೇ. ಒಂದು ಸಲಕ್ಕೆ ಒಂದೇ ಪುಸ್ತಕ ಕೊಡುತ್ತಿದ್ದರು. ತಂದ ಪುಸ್ತಕ ಮೊದಲು ಅಕ್ಕನ ಕೈಗೆ. ನಾನು ಅಳುತ್ತಿದ್ದೆ. ನನ್ನನ್ನು ಮುಂದೆ ಕೂರಿಸಿಕೊಂಡು ಜಡೆ ಹಾಕುತ್ತಾ ತಾನು ಓದಿದಷ್ಟನ್ನು ಹೇಳುತ್ತಿದ್ದಳು. ಕಥೆ ರೋಚಕವಾದ ಕಡೆ ನನ್ನ ಜಡೆ ಬಿಗಿಯಾಗುತ್ತಿತ್ತು. ನೋವಾದರೂ ಬಾಯಿ ಬಿಡುತ್ತಿರಲಿಲ್ಲ, ಬಿಟ್ಟರೆ ಕಥೆ ನಿಲ್ಲುತ್ತದಲ್ಲ. ಎಷ್ಟೋ ಪುಸ್ತಕಗಳನ್ನು ನಾನು ಓದಿದ್ದೇನೆ ಎಂದುಕೊಂಡಿರುವುದು ಬರೀ ಅವಳ ಬಾಯಲ್ಲಿ ಕೇಳಿದ್ದು.

ಪಿಯುಸಿ ಮುಗಿಯುವ ಹೊತ್ತಿಗೆ ಅವಳ ಮದುವೆಯಾಯಿತು, ಜಗಳೂರಿನ ದೊಡ್ಡ ಮನೆತನಕ್ಕೆ ಸೊಸೆಯಾಗಿ ಹೋದಳು. ಅತ್ತೆ, ಮಾವ, ಮೈದುನರು, ಓರಗಿತ್ತಿಯರು, ಕುರಿ, ಶೇಂಗಾ, ಮೆಕ್ಕೆಜೋಳ. ಆ ಮನೆಯಲ್ಲಿ ಯಾವ ಹೊತ್ತಿನಲ್ಲೂ ಯಾರಾದರೊಬ್ಬರು ಯಾರನ್ನಾದರೂ ಕೂಗುತ್ತಲೇ ಇರುತ್ತಾರೆ. ನಾನು ಓದಿದೆ, ಕೆಲಸ ಹಿಡಿದೆ, ಮದುವೆಯಾಗಲಿಲ್ಲ, ಹೊನ್ನಾಳಿಯಲ್ಲಿ ಹೊಳೆಯ ಸೇತುವೆಯಿಂದ ಸ್ವಲ್ಪ ದೂರದಲ್ಲಿ ಒಂದು ಸಣ್ಣ ಮನೆ ಮಾಡಿಕೊಂಡೆ. ಓದಿದ ಪುಸ್ತಕವನ್ನು ಕವರಿನಲ್ಲಿ ಸುತ್ತಿ ಬಸ್ಸಿನವರ ಕೈಯಲ್ಲಿ ಕಳಿಸುತ್ತಿದ್ದೆ. ಜಗಳೂರು ಬಸ್‌ಸ್ಟ್ಯಾಂಡಿನಲ್ಲಿ ಭಾವ ಕಾದಿದ್ದು ಇಸಿದುಕೊಳ್ಳುತ್ತಿದ್ದರು. ಭಾವ ಒಂದು ಪುಸ್ತಕವನ್ನೂ ಬಿಚ್ಚಿ ನೋಡಿದವರಲ್ಲ, ಆದರೆ ಒಂದನ್ನೂ ಕಳೆದವರಲ್ಲ.

ಅಕ್ಕ ಪುಸ್ತಕ ಅಳೆಯುವ ರೀತಿಯೇ ಬೇರೆ. ಮುಂಗಾರು ಬಿತ್ತನೆಗೆ ಮುಂಚೆ ಅವರ ಮನೆಯಲ್ಲಿ ಬೀಜದ ಶೇಂಗಾ ಸುಲಿಯುತ್ತಾರೆ. ಮಷಿನ್ನಿಗೆ ಹಾಕಿದರೆ ಬೀಜ ಒಡೆಯುತ್ತದೆ ಎಂದು ಭಾವ ಇವತ್ತಿಗೂ ಕೈಯಲ್ಲೇ ಸುಲಿಸುವುದು. ಓಣಿಯ ಹೆಂಗಸರು ಪಡಸಾಲೆಯಲ್ಲಿ ಗೋಣಿತಾಟು ಹಾಸಿಕೊಂಡು ಕೂರುತ್ತಾರೆ. ಅಕ್ಕ ಮಧ್ಯದಲ್ಲಿ ಕೂತು ತಾನೂ ಸುಲಿಯುತ್ತಾ ಆ ವರ್ಷ ಓದಿದ ಕಾದಂಬರಿ ಹೇಳುತ್ತಿದ್ದಳು. ಹೇಳುತ್ತಾ ಹೇಳುತ್ತಾ ಅವರ ಕೈ ನೋಡುತ್ತಿದ್ದಳು. ಕೈ ನಿಂತರೆ ಪುಸ್ತಕ ಒಳ್ಳೆಯದು. ಕೈಯೂ ಆಡುತ್ತಾ, ಬಾಯಿ ತಮ್ಮ ತಮ್ಮ ಸೊಸೆಯಂದಿರ ಕಡೆ ತಿರುಗಿದರೆ ಪುಸ್ತಕ ಬಿತ್ತು. ನಾನು ಹೊತ್ತು ಮೆರೆಸಿದ ಎಷ್ಟೋ ಕಾದಂಬರಿಗಳನ್ನು ಆ ಹೆಂಗಸರು ಶೇಂಗಾ ಸಿಪ್ಪೆಯ ಜೊತೆ ಗುಡಿಸಿ ಹಾಕಿದ್ದಾರೆ. "ಅವರಿಗೇನು ತಿಳಿಯುತ್ತೆ?" ಎಂದು ನಾನು ಮೂಗು ಮುರಿದರೆ ಅಕ್ಕ, "ಹಂಗಾರೆ ನಿನ್ನ ಕ್ಲಾಸಿನಾಗೆ ಎಷ್ಟು ಜನ ನಿದ್ದೆ ಮಾಡ್ತಾರೆ ಹೇಳು" ಎನ್ನುತ್ತಿದ್ದಳು.

ಹೋದ ವರ್ಷ ನಾನು ಕಳಿಸಿದ್ದು ಒಂದು ಹಳೆಯ ಕಾದಂಬರಿ. ಗಂಡನ ಮನೆಯವರು ಹೊರಗೆ ಹಾಕಿದ ಹೆಂಗಸೊಬ್ಬಳು. ಎಳೆಯ ಮಗಳನ್ನು ಅಲ್ಲೇ ಬಿಟ್ಟು ಬರಬೇಕಾಗುತ್ತದೆ. ಅಣ್ಣನ ಮನೆಯ ಮೂಲೆಯಲ್ಲಿ ಕೆಲವು ವರ್ಷ ಬದುಕಿ, ಕೊನೆಗೆ ಒಂದು ಮಧ್ಯಾಹ್ನ ಕೆರೆಗೆ ಇಳಿದುಬಿಡುತ್ತಾಳೆ. ಓದಿ ಅತ್ತಿದ್ದೆ. ಇಂಥ ಅಂತ್ಯ ಬರೆಯಲು ಎಂಟೆದೆ ಬೇಕು ಎಂದು ಸಿಕ್ಕವರಿಗೆಲ್ಲ ಹೇಳಿದ್ದೆ. ಅಕ್ಕ ಫೋನ್ ಮಾಡಿ ನಕ್ಕಳು. "ಎಲ್ಲರ ಕೈ ನಿಂತೈತೆ ಕಣೇ. ನಿಮ್ಮ ಭಾವ ಬಯ್ಯಾಕೆ ಹತ್ಯಾರೆ, ಹಿಂಗಾದ್ರೆ ಬಿತ್ತಿದಂಗೆ ಅಂತ. ನಾಳೆ ಮುಗಿಸ್ತೀನಿ. ನೀನು ಬಂದ ಮೇಲೆ ಉಳಿದದ್ದು ಮಾತಾಡನ." ಮರುದಿನ ಬೆಳಿಗ್ಗೆ ಹಿತ್ತಲಲ್ಲಿ ಬಿದ್ದಳು.

ಈ ಜೂನಿನಲ್ಲಿ ಹೋಗುವುದೋ ಬೇಡವೋ ಎಂದು ನಾನು ಹಿಂದೆಮುಂದೆ ನೋಡುತ್ತಿದ್ದಾಗ ಭಾವನೇ ಫೋನ್ ಮಾಡಿದರು. "ಸುಲಿಯಾಕೆ ಬಂದೋರೆಲ್ಲ ಆ ಕಥೆ ಏನಾತು ಅಂತ ಕೇಳ್ತಾರವ್ವ. ನನಗೇನು ಗೊತ್ತೈತೆ? ನೀನು ಬಂದು ಅದೊಂದು ಮುಗಿಸಿ ಹೋಗು. ನಿಮ್ಮಕ್ಕಗೂ ಸಮಾಧಾನ ಆಗ್ಬಹುದು." ನನಗೆ ಇದು ಸರಿ ಅನ್ನಿಸಿತು. ಅವಳು ಅರ್ಧಕ್ಕೆ ಬಿಟ್ಟ ಒಂದು ಕೆಲಸವನ್ನಾದರೂ ಪೂರ್ತಿ ಮಾಡಬಲ್ಲೆ ಎಂದುಕೊಂಡೆ. ಜಗಳೂರಿಗೆ ಹೋಗಿ, ಆ ಪುಸ್ತಕವನ್ನು ಅವಳ ಗೋಡೆಯ ಗೂಡಿನಿಂದ ತೆಗೆದುಕೊಂಡು ಪಡಸಾಲೆಯಲ್ಲಿ ಕೂತೆ. ಅಕ್ಕನನ್ನು ಭಾವ ನನ್ನ ಪಕ್ಕದಲ್ಲೇ ಗೋಡೆಗೆ ದಿಂಬು ಕೊಟ್ಟು ಕೂರಿಸಿದರು. ಅವಳ ಮುಂದೆಯೂ ಒಂದು ಮೊರ ಇಟ್ಟರು. ಎಡಗೈಯಲ್ಲೇ ಕಾಯನ್ನು ನೆಲಕ್ಕೆ ಒತ್ತಿ ಒಡೆದು ಬೀಜ ತೆಗೆಯುವುದನ್ನು ಕಲಿತಿದ್ದಾಳೆ.

ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯರು ಪಕ್ಕದ ಓಣಿಯ ಮುಸಲ್ಮಾನರ ಮನೆಯ ಅಜ್ಜಿ. ಅವರನ್ನು ಎಲ್ಲರೂ ಖಾಲಾ ಎನ್ನುತ್ತಾರೆ. ಪುಟ ಹುಡುಕುತ್ತಾ ನಾನು ಕೇಳಿದೆ: "ಎಲ್ಲಿಗೆ ನಿಂತಿತ್ತು ಖಾಲಾ?"

"ಮಗಳು ಬಸ್ ಇಳಿದು ಬಂದು ಬಾಗಲಾಗೆ ನಿಂತಾಳೆ. ತಾಯಿ ಒಳಗೆ ರೊಟ್ಟಿ ಬಡಿತಾಳೆ. ಅಲ್ಲಿಗೇ ನಿಲ್ಲಿಸಿದ್ರು ಅಕ್ಕಾರು."

ನನಗೆ ಅರ್ಥವಾಗಲಿಲ್ಲ. ಪುಸ್ತಕದಲ್ಲಿ ಆ ಮಗಳು ತೊಟ್ಟಿಲು ಬಿಟ್ಟು ಮುಂದೆ ಬರುವುದೇ ಇಲ್ಲ. "ಯಾವ ಮಗಳು? ಯಾವ ಬಾಗಿಲು?" ಎಂದೆ.

"ಅದೇ ರೀ, ಬಿಟ್ಟು ಬಂದಿದ್ಲಲ್ಲ, ಆ ಕೂಸು. ಈಗ ದೊಡ್ಡಾಕಿ ಆಗ್ಯಾಳೆ. ತಾಯಿನ್ನ ಹುಡುಕ್ಕೊಂಡು ಹೊನ್ನಾಳಿಗೆ ಬಂದಾಳೆ. ಸೇತುವೆ ದಾಟಿದ ಮ್ಯಾಲೆ ನುಗ್ಗೆ ಮರ ಐತಲ್ಲ, ನೀಲಿ ಬಾಗ್ಲು, ಆ ಮನೆ."

ನುಗ್ಗೆ ಮರ, ನೀಲಿ ಬಾಗಿಲು. ಅದು ನನ್ನ ಮನೆ.

ಆಮೇಲೆ ಅವರೆಲ್ಲ ಒಬ್ಬರ ಮಾತಿಗೆ ಒಬ್ಬರು ಸೇರಿಸುತ್ತಾ ಅಕ್ಕ ಹೇಳಿದ ಕಥೆಯನ್ನು ನನಗೆ ಹೇಳಿದರು. ಆ ಹೆಂಗಸು ಅಣ್ಣನ ಮನೆಯಲ್ಲಿ ಉಳಿಯುವುದಿಲ್ಲ. ಒಂದು ಬೆಳಿಗ್ಗೆ ಸಿಕ್ಕ ಬಸ್ ಹತ್ತಿ ಹೊನ್ನಾಳಿಯಲ್ಲಿ ಇಳಿಯುತ್ತಾಳೆ. ಆ ಮನೆ ಹಿಡಿದು ರೊಟ್ಟಿ ಖಾನಾವಳಿ ಇಡುತ್ತಾಳೆ. "ಸಂಜೆ ಕೆಲ್ಸ ಮುಗಿಸಿ, ಬಾಗ್ಲು ಹಾಕ್ಕೊಂಡು, ಕಿಟಕಿ ಹತ್ರ ಮಂಚದ ಮ್ಯಾಲೆ ಕುಂತು ಪುಸ್ತಕ ಓದ್ತಾಳೆ ರೀ" ಎಂದಳು ಒಬ್ಬಾಕೆ. "ಯಾರೂ ಆಕಿನ್ನ ಕೂಗಂಗಿಲ್ಲ." ಇದನ್ನು ಹೇಳುವಾಗ ಅವಳ ಕೈ ನಿಂತಿತ್ತು.

ಅಕ್ಕ ನನ್ನ ಮನೆಗೆ ಬಂದದ್ದು ಗೃಹಪ್ರವೇಶಕ್ಕೆ ಒಮ್ಮೆ ಮಾತ್ರ, ಅದೂ ಬೆಳಿಗ್ಗೆ ಬಂದು ಸಂಜೆಯ ಬಸ್ಸಿಗೆ ಹೊರಟಿದ್ದಳು. ಹೊರಡುವ ಮುಂಚೆ ನನ್ನ ಓದುವ ಕೋಣೆಯಲ್ಲಿ ಮಂಚದ ಮೇಲೆ ಕೂತು, "ಬಾಗ್ಲು ಹಾಕ್ಕೊಂಡ್ರೆ ಯಾರೂ ಕರಿಯಲ್ಲ ಅಲ್ಲೇನೆ ಇಲ್ಲಿ?" ಎಂದು ಕೇಳಿದ್ದಳು. ನಾನು ಒಂಟಿಯಾಗಿದ್ದೇನೆಂದು ಮರುಕಪಡುತ್ತಿದ್ದಾಳೆ ಎಂದುಕೊಂಡಿದ್ದೆ. ಪಡಸಾಲೆಯಲ್ಲಿ ಶೇಂಗಾ ರಾಶಿಯ ಎದುರು ಕೂತಾಗ ಅದು ಮರುಕವಲ್ಲ, ಆಸೆ ಎಂದು ಗೊತ್ತಾಯಿತು. ಅಷ್ಟು ಸಣ್ಣ ಆಸೆ. ಒಂದು ಬಾಗಿಲು, ಒಂದು ಮಂಚ. ಕೇಳಿದ್ದರೆ ತಿಂಗಳುಗಟ್ಟಲೆ ಇರಿಸಿಕೊಳ್ಳುತ್ತಿದ್ದೆ. ಅವಳು ಕೇಳಲಿಲ್ಲ, ತನ್ನ ಬದಲಿಗೆ ಕಥೆಯ ಆ ಹೆಂಗಸನ್ನು ಅಲ್ಲಿಗೆ ಕರೆತಂದು ಇಟ್ಟಳು.

ಆದರೆ ಹುಟ್ಟುಗುಣ ಎಲ್ಲಿ ಹೋಗುತ್ತದೆ? ಮೂಲವನ್ನು ತಿರುಚಿದರೆ ನನಗೆ ತಡೆದುಕೊಳ್ಳಲಾಗುವುದಿಲ್ಲ. ಎಷ್ಟೋ ವರ್ಷ ಪಾಠ ಹೇಳಿದ ಬಾಯಿ ಇದು. ತಿಳಿಯದೆಯೇ ಮಾತು ಹೊರಟಿತು: "ಪುಸ್ತಕದಲ್ಲಿ ಹಾಗಿಲ್ಲ. ಅವಳು ಕೊನೆಗೆ ಕೆರೆಗೆ..."

ಅಕ್ಕನ ಎಡಗೈ ನನ್ನ ಬಾಯಿ ಮುಚ್ಚಿತು. ಎಲ್ಲಿತ್ತೋ ಆ ಶಕ್ತಿ. ಮೊರ ಮಗುಚಿ ಬೀಜವೆಲ್ಲ ಚೆಲ್ಲಿತು. ಅಂಗೈಯಲ್ಲಿ ಶೇಂಗಾ ಸಿಪ್ಪೆಯ ಧೂಳಿತ್ತು, ನನ್ನ ತುಟಿಗೆಲ್ಲ ಮೆತ್ತಿತು. ಕಣ್ಣು ಕೆಂಪಗೆ ಮಾಡಿಕೊಂಡು ನನ್ನನ್ನೇ ನೋಡುತ್ತಿದ್ದಳು. ಚಿಕ್ಕಂದಿನಲ್ಲಿ ಜಡೆ ಎಳೆದು ಸುಮ್ಮನಿರಿಸುತ್ತಿದ್ದಾಗಲೂ ಹೀಗೆಯೇ ನೋಡುತ್ತಿದ್ದಳು. ಪಡಸಾಲೆಯಲ್ಲಿ ಒಬ್ಬರ ಕೈಯೂ ಆಡುತ್ತಿರಲಿಲ್ಲ.

ಖಾಲಾ ಬಗ್ಗಿ ಚೆಲ್ಲಿದ ಬೀಜ ಆಯತೊಡಗಿದರು. "ಬಿಡ್ರಿ ಮೇಡಂ. ಅದು ಅಕ್ಕಾರ ಕಥಿ, ಅಕ್ಕಾರೇ ಹೇಳ್ಬೇಕು. ಹುಷಾರಾಗ್ಲಿ. ಮುಂದಿನ ವರ್ಷನೂ ನಾವು ಸುಲಿಯಾಕೆ ಬರ್ತೀವಲ್ಲ, ಆವಾಗ ಕೇಳ್ತೀವಿ."

ಸಂಜೆ ಎಲ್ಲರೂ ಹೋದ ಮೇಲೆ ಅಕ್ಕನ ಪಕ್ಕದಲ್ಲಿ ಕೂತೆ. ಪುಸ್ತಕವನ್ನು ಬ್ಯಾಗಿನೊಳಗೆ ಹಾಕಿಬಿಟ್ಟಿದ್ದೆ. ಮೆಲ್ಲಗೆ ಕೇಳಿದೆ: "ಬಾಗಿಲು ತೆಗಿತಾಳೇನೇ?" ಅವಳು ನನ್ನ ಕಡೆ ತಿರುಗಿದಳು. "ಮಗಳ ಗುರುತು ಹಿಡಿತಾಳಾ? ಒಳಗೆ ಕರಿತಾಳಾ?" ಅವಳ ತುಟಿಗಳು ಅಲುಗಿದವು. ಹೇಳಲು ಹೊರಟಳು, ನಿಜವಾಗಿಯೂ ಹೊರಟಳು. ಕತ್ತಿನ ನರ ಉಬ್ಬಿತು. ಬಂದದ್ದು ಒಂದು ಉಸಿರಿನಂಥ ಸದ್ದು. ಮತ್ತೆ ಯತ್ನಿಸಿದಳು, ಮತ್ತೆ ಅದೇ. ಪೂರ್ತಿ ಕಥೆ ಅವಳೊಳಗೆ ಇತ್ತು. ಅದು ನನಗೆ ಕಾಣುತ್ತಿತ್ತು. ಕೊನೆಗೆ ಸೋತು ಅಳತೊಡಗಿದಳು. ನಾನೂ ಅತ್ತೆ. ಯಾಕಾದರೂ ಕೇಳಿದೆನೋ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು. ಇನ್ನು ಮಾತು ಬರುವ ಭರವಸೆ ಇಲ್ಲ ಎಂದು ದಾವಣಗೆರೆಯ ಡಾಕ್ಟರು ಹೇಳಿ ಆಗಿದೆ. ಅದು ಭಾವನಿಗೆ ಗೊತ್ತು, ನನಗೆ ಗೊತ್ತು, ಅಕ್ಕನಿಗೂ ಗೊತ್ತು. ಸುಲಿಯಲು ಬರುವ ಹೆಂಗಸರಿಗೆ ಯಾರೂ ಹೇಳಿಲ್ಲ.

ಹಾಗಾಗಿ ಈ ಅರ್ಧ ವರ್ಷದ ನನ್ನ ತೀರ್ಪು ಬದಲಾಗಿದೆ. ಕೈ ಕೊಟ್ಟ ಪುಸ್ತಕ ಎಂದರೆ ಅದೇ, ನಾನು ಹೋದ ವರ್ಷ ಹೊಗಳಿ ಹೊಗಳಿ ಕಳಿಸಿದ್ದು. ಆ ಕೆರೆಯ ಪುಟವನ್ನು ಮತ್ತೊಮ್ಮೆ ಓದಿದೆ, ಕಣ್ಣಲ್ಲಿ ಒಂದು ಹನಿ ನೀರು ಬರಲಿಲ್ಲ. ಹಿಡಿಸಿದ ಕಾದಂಬರಿಯನ್ನು ಯಾರಿಗೂ ಕೊಡಲಾರೆ. ಅದು ಎಲ್ಲೂ ಅಚ್ಚಾಗಿಲ್ಲ.

ಮರುದಿನ ಮಧ್ಯಾಹ್ನದ ಬಸ್ಸಿಗೆ ಹೊರಟು ಹೊನ್ನಾಳಿ ಮುಟ್ಟುವಾಗ ಹೊತ್ತು ಇಳಿಯುತ್ತಿತ್ತು. ಮಳೆಯ ನೀರು ಬಂದು ಹೊಳೆ ಕೆಂಪಗಿತ್ತು. ಬ್ಯಾಗು ಹೆಗಲಿಗೆ ಹಾಕಿಕೊಂಡು ನಡೆದು ಬಂದು, ನುಗ್ಗೆ ಮರ ದಾಟಿ, ನೀಲಿ ಬಾಗಿಲಿನ ಮುಂದೆ ನಿಂತೆ. ಕೀಲಿ ನನ್ನ ಹತ್ತಿರವೇ ಇತ್ತು. ಆದರೂ ಒಂದು ಸಲ ಬಾಗಿಲು ಬಡಿದೆ, ಸ್ವಲ್ಪ ಹೊತ್ತು ಕಾದೆ.