ಸವಾರ ಚೆನ್ನನನ್ನು ಬರೆದವರು

ಪತ್ರಿಕೆ ಕೈಗೆ ಬಂದರೆ ನಾನು ಮೊದಲು ತೆರೆಯುವುದು ಸಾಹಸದ ಚಿತ್ರಕಥೆ ಇರುವ ಪುಟವನ್ನು. ಚಾಮರಾಜಪುರಂನಲ್ಲಿ ಸಂಸಾರ ಹೂಡಿದ ಹೆಂಗಸು, ಕುದುರೆ ಮೇಲಿನ ವೀರ ಕಳ್ಳರಿಂದ ಪಾರಾದನೋ ಇಲ್ಲವೋ ಎಂದು ಕಾಫಿ ಆರುವವರೆಗೆ ಕೂರುವುದು ನಗೆಪಾಟಲೇ ಸರಿ. ನಗುವವರು ನಗಲಿ. ನನಗಂತೂ ನಿನ್ನೆಯಿಂದ ಮೈಯೆಲ್ಲ ಉರಿಯುತ್ತಿದೆ.

ನಿನ್ನೆಯ ಪತ್ರಿಕೆಯಲ್ಲಿ ನಮ್ಮೂರಿನ ‘ಸವಾರ ಚೆನ್ನ’ನನ್ನು ನೆನೆದು ಒಂದು ಲೇಖನ ಬಂದಿದೆ. ಅವನ ಸೃಷ್ಟಿಕರ್ತ ಎಂದು ಹಳೆಯ ಸಂಪಾದಕರ ತಂಗಿಯ ಮಗನ ಹೆಸರು ಹಾಕಿದ್ದಾರೆ. ಶುದ್ಧ ಸುಳ್ಳು. ಚೆನ್ನನನ್ನು ಬರೆದವರು ಅಗ್ರಹಾರದಲ್ಲಿರುವ ನನ್ನ ಅಣ್ಣನ ಹೆಂಡತಿ ಕಮಲಮ್ಮ.

ಚೆನ್ನ ಹುಟ್ಟಿದ ಕಾಲದಲ್ಲಿ ಇಂಗ್ಲಿಷ್ ಪತ್ರಿಕೆಗಳಿಗೆ ಚಿತ್ರಕಥೆಗಳು ಹೊರದೇಶಗಳಿಂದ ಹಡಗು ಹತ್ತಿ ಬರುತ್ತಿದ್ದವು. ಆ ದೇಶಗಳಲ್ಲೂ ವೀರನನ್ನು ಹುಟ್ಟಿಸಿದವನು ಒಬ್ಬ, ಅವನ ಒಡೆತನ ಇನ್ನೊಬ್ಬರದು ಎಂದು ಆಮೇಲೆ ಓದಿ ತಿಳಿದುಕೊಂಡೆ. ಬರೆದವನು ಜಗಳವಾಡಿ ಹೊರಟುಹೋದರೆ ಬೇರೊಬ್ಬ ಬಂದು ಕೂರುತ್ತಾನಂತೆ. ವೀರನ ಗಲ್ಲ ಒಂದಿಷ್ಟು ಬದಲಾಗುತ್ತದೆ, ಓದುಗರು ಅವನಿಗೆ ಜ್ವರ ಬಂದಿತ್ತೇನೋ ಎಂದುಕೊಂಡು ಸುಮ್ಮನಾಗುತ್ತಾರೆ. ಅನ್ಯಾಯಕ್ಕೆ ವಿದೇಶಿ, ಸ್ವದೇಶಿ ಎಂಬ ಭೇದವಿಲ್ಲ.

ನಮ್ಮೂರಿನ ಆ ಸಂಪಾದಕರಿಗೂ ಒಂದು ಕನ್ನಡದ ಚಿತ್ರಕಥೆ ಬೇಕೆನಿಸಿತು. ಅತ್ತಿಗೆ ತವರಿನಲ್ಲಿದ್ದಾಗಲೇ ಚಿತ್ರಕಲೆ ಕಲಿತವರು. ಅಡುಗೆಮನೆ ಪಕ್ಕದ ನಡುಮನೆಯಲ್ಲಿ ಮಣೆ ಹಾಕಿಕೊಂಡು, ಕಪ್ಪು ಶಾಯಿಯಲ್ಲಿ ಚೆನ್ನನನ್ನು ಬರೆದರು. ಅರಮನೆಯ ಕುದುರೆಪಡೆ ಬಿಟ್ಟು ಕಾಡುಗಳ್ಳರ ಬೆನ್ನು ಹತ್ತುವ ಸವಾರ. ಅಣ್ಣ ಚಿತ್ರಗಳನ್ನು ಸೈಕಲ್ಲಿನಲ್ಲಿ ಪ್ರೆಸ್ಸಿಗೆ ಮುಟ್ಟಿಸುತ್ತಿದ್ದ. ಊರಿಗೆ ಊರೇ ಚೆನ್ನನಿಗಾಗಿ ಕಾಯತೊಡಗಿತು. ಅತ್ತಿಗೆಯ ಹೆಸರು ಮಾತ್ರ ಎಲ್ಲೂ ಇರಲಿಲ್ಲ. ಅಣ್ಣ ಕೇಳಿದ್ದಕ್ಕೆ, ಹೊಡೆದಾಟದ ಕಥೆಗೆ ಹೆಂಗಸಿನ ಹೆಸರು ಹಾಕಿದರೆ ಜನ ನಗುತ್ತಾರೆ ಎಂದರಂತೆ ಸಂಪಾದಕರು. ನನಗೆ ಸಿಟ್ಟು ಬಂತು. ಅತ್ತಿಗೆ ಬರೆಯುತ್ತಲೇ ಇದ್ದರು.

ಒಂದು ಸಂಜೆ ಚೆನ್ನನ ಚಿತ್ರಕಾರರಿಗೆ ಸನ್ಮಾನ ಎಂದು ಪತ್ರಿಕೆಯವರೇ ಸಭೆ ಕರೆದರು. ಕೊನೆಗೂ ಬುದ್ಧಿ ಬಂತಲ್ಲ ಎಂದುಕೊಂಡು ನಾವಿಬ್ಬರೂ ರೇಷ್ಮೆ ಸೀರೆಯುಟ್ಟು ಹೋದೆವು. ಹೆಂಗಸರ ಸಾಲಿನಲ್ಲಿ ಕೂತಿದ್ದೆವು. ವೇದಿಕೆಗೆ ಕರೆದದ್ದು ಸಂಪಾದಕರ ತಂಗಿಯ ಮಗನನ್ನು. ಶಾಲು ಹೊದಿಸಿದರು, ಹಾರ ಹಾಕಿದರು. ಅವನು ಕೈಮುಗಿದು, ಚೆನ್ನ ತನ್ನ ಕನಸಿನಲ್ಲಿ ಬಂದನೆಂದು ಭಾಷಣ ಮಾಡಿದ. ನಾನು ಎದ್ದು ನಿಂತೆ. ಅತ್ತಿಗೆ ನನ್ನ ಸೆರಗು ಹಿಡಿದೆಳೆದರು.

“ಕೂತ್ಕೊಳೇ. ಚೆನ್ನ ಈಗ ಎಲ್ಲಿದಾನೆ, ಗೊತ್ತಾ?”

ಗೊತ್ತಿತ್ತು. ಆ ದಿನದ ಪತ್ರಿಕೆಯಲ್ಲಿ ಅವನು ಜಲಪಾತದ ಮೇಲೆ ಒಂದು ಬಳ್ಳಿ ಹಿಡಿದು ನೇತಾಡುತ್ತಿದ್ದ.

“ಅಲ್ಲೇ ಇರ್ಲಿ ಬಿಡು,” ಎಂದರು ಅತ್ತಿಗೆ.

ಮಾರನೆಯ ದಿನದಿಂದ ಅವರು ಚಿತ್ರ ಕಳಿಸಲಿಲ್ಲ. ಶಾಲು ಹೊದ್ದವನೇ ಬರೆಯಲು ಕೂತ. ಅವನ ಚೆನ್ನನ ಎರಡು ಕೈಗಳೂ ಒಂದೇ ಹೆಗಲಿನಿಂದ ಹೊರಟಿದ್ದವು. ಓದುಗರು ಪ್ರೆಸ್ಸಿಗೇ ಹೋಗಿ ಜಗಳಕ್ಕೆ ನಿಂತರು. ವಾರ ಕಳೆಯುವುದರೊಳಗೆ ಸಂಪಾದಕರು ಅಗ್ರಹಾರಕ್ಕೆ ಬಂದು, ಜಗಲಿಯಲ್ಲಿ ಕೂತು, ಪತ್ರಿಕೆಯ ಮಾನ ಉಳಿಸಬೇಕಮ್ಮ ಎಂದರು. ಅತ್ತಿಗೆ ಕಾಫಿ ಕೊಟ್ಟರು. ಆಮೇಲೆ, “ನನ್ ಹೆಸ್ರು ಹಾಕಿ. ನಾಳೆನೇ ಅವನನ್ನ ಬಳ್ಳಿಯಿಂದ ಇಳಿಸ್ತೀನಿ,” ಎಂದರು. ಸಂಪಾದಕರು ಕಾಫಿ ಕುಡಿದು ಎದ್ದು ಹೋದರು. ಚಿತ್ರಕಥೆ ಅಲ್ಲಿಗೇ ನಿಂತಿತು. ತಮ್ಮ ವೀರ ಸತ್ತರೂ ಚಿಂತೆಯಿಲ್ಲ, ಒಂದು ಹೆಂಗಸಿನ ಹೆಸರು ಅಚ್ಚಾಗಬಾರದು ಎಂಬ ಆ ಹಟವನ್ನು ನೆನೆದರೆ ಇವತ್ತಿಗೂ ನನ್ನ ಹಲ್ಲು ಕಟಕಟ ಎನ್ನುತ್ತದೆ.

ನಿನ್ನೆಯ ಲೇಖನವನ್ನು ಕೈಯಲ್ಲಿ ಹಿಡಿದು ಅಗ್ರಹಾರಕ್ಕೆ ಓಡಿದೆ. ಅತ್ತಿಗೆ ಓದಿ, ಮಡಚಿ, ಪಕ್ಕಕ್ಕಿಟ್ಟರು. ಅವರಿಗೆ ಸಿಟ್ಟು ಬರಲಿಲ್ಲವೆಂದು ನನಗೆ ಇನ್ನಷ್ಟು ಸಿಟ್ಟು ಬಂತು. ಅಲ್ಲೇ ಕೂತು ಪತ್ರಿಕೆಗೆಂದು ಇಷ್ಟನ್ನೂ ಒಂದೇ ಉಸಿರಿಗೆ ಬರೆದು ಅವರ ಮುಂದೆ ಹಿಡಿದೆ.

ಅವರು ಕನ್ನಡಕ ಏರಿಸಿಕೊಂಡು ಕೊನೆಯವರೆಗೂ ಓದಿದರು.

“ಚೆನ್ನಾಗಿ ಬೈದಿದೀಯ ಕಣೇ,” ಎಂದರು. “ಕೆಳಗಡೆ ನಿನ್ ಹೆಸ್ರು ಬರಿ. ದೊಡ್ಡದಾಗಿ ಬರಿ.”